ಮುಕ್ಕಾಲು ಔನ್ಸಿನ ಆರ್ಡಿತ್

ಮೊದಲೇ ಹೇಳಿಬಿಡುತ್ತೇನೆ, ಈ ಕಥೆಯಲ್ಲಿ ನಾನು ಒಳ್ಳೆಯವನಲ್ಲ. ಮೂವತ್ತೊಂದು ವರ್ಷ ಪ್ಲಮ್ ಹಳ್ಳದ ಸುತ್ತಲಿನ ಹೊಲಮನೆಗಳಿಗೆಲ್ಲ ಟಪಾಲು ಹಂಚಿದವನು ನಾನು. ನಾಯಿ ಕಚ್ಚಿದರೆ ಕಚ್ಚಿಸಿಕೊಂಡು, ಹಿಮ ಬಿದ್ದರೆ ಬೈದುಕೊಂಡು, ಒಂದು ಕಾಗದವನ್ನೂ ಕಳೆಯದೆ ಮುಟ್ಟಿಸಿದ್ದೇನೆ. ಆದರೆ ಸುಳ್ಳು ಹೇಳುವುದರಲ್ಲಿ ಮಾತ್ರ ಶುದ್ಧ ಪೆದ್ದ. ಆರ್ಡಿತ್ ಕುಬಿಚೆಕ್ ವಿಷಯ ಬರೆಯಲು ಕೂತರೆ ನನ್ನ ಪೆದ್ದುತನವನ್ನೂ ಬರೆಯಬೇಕಾಗುತ್ತದೆ, ಏನು ಮಾಡಲಿ.

ಆರ್ಡಿತ್‌ಗೆ ಈಗ ಎಪ್ಪತ್ಮೂರು. ನಮ್ಮೂರ ಶಾಲೆಯ ಅಡುಗೆಮನೆಯಲ್ಲಿ ಮೂವತ್ತೆಂಟು ವರ್ಷ ದುಡಿದಾಕೆ. ನೆಬ್ರಾಸ್ಕದ ಈ ಮೂಲೆಯಲ್ಲಿ ಐವತ್ತು ದಾಟಿದ ಗಂಡಸರೂ ಆಕೆ ಬಡಿಸಿದ್ದನ್ನು ಉಂಡೇ ಬೆಳೆದವರು. ಬಟಾಣಿ ಬಡಿಸಿದರೆ ಎಲ್ಲರ ತಟ್ಟೆಗೂ ಒಂದೇ ಸೌಟು. ಬೇಡ ಅಂತ ಅತ್ತರೂ ಅಷ್ಟೇ, ಇನ್ನೂ ಬೇಕು ಅಂತ ಹಲ್ಲು ಕಿರಿದರೂ ಅಷ್ಟೇ. ಯಾರು ಬಟಾಣಿಯನ್ನು ಕರವಸ್ತ್ರದಲ್ಲಿ ಕಟ್ಟಿ ಕಸದ ಬುಟ್ಟಿಗೆ ಹಾಕುತ್ತಾನೆ ಎಂಬುದು ಆಕೆಗೆ ಗೊತ್ತಿರುತ್ತಿತ್ತು. ಆದರೆ ಒಬ್ಬರ ಅಮ್ಮನಿಗೂ ಹೇಳಿದವಳಲ್ಲ. ಈ ಗುಣವನ್ನು ಸ್ವಲ್ಪ ಮನಸ್ಸಿನಲ್ಲಿಟ್ಟುಕೊಳ್ಳಿ.

ಆಕೆ ಬಂದೂಕು ಹಿಡಿದದ್ದು ಮದುವೆಯಾದ ಮೇಲೆ. ಮಾವನ ಬಂದೂಕು ಗೋಡೆಯ ಮೇಲೆ ತೂಗಾಡುತ್ತಿತ್ತು. ಗಂಡ ರೂಡಿ ಅದನ್ನು ಮುಟ್ಟುವ ಪೈಕಿ ಅಲ್ಲ. ಅವನದೇನಿದ್ದರೂ ಟೊಮೇಟೊ ಗಿಡ, ರೇಡಿಯೋದಲ್ಲಿ ಬೇಸ್‌ಬಾಲ್. "ಧೂಳು ಒರೆಸೋದು ಮಾತ್ರ ನಂದು, ಹೊಡೆಯೋದು ಯಾರದೂ ಅಲ್ವಾ?" ಎಂದು ಒಂದು ಭಾನುವಾರ ಅದನ್ನು ಇಳಿಸಿಕೊಂಡು ನಮ್ಮ ಕ್ಲಬ್ಬಿಗೆ ಬಂದಳು. ಕ್ಲಬ್ ಎಂದರೆ ದೊಡ್ಡದೇನಲ್ಲ. ಜೋಳದ ಹೊಲದ ಅಂಚಿಗೆ ಒಂದು ತಗಡಿನ ಕೊಠಡಿ, ಎದುರಿಗೆ ನೆಲದಲ್ಲಿ ಅರ್ಧ ಹೂತ ಒಂದು ಗೂಡು. ಹೊಡೆಯುವವನು "ಪುಲ್" ಅಂದ ತಕ್ಷಣ ಗೂಡಿನೊಳಗಿಂದ ಚಹಾ ತಟ್ಟೆಯಷ್ಟಗಲದ ಮಣ್ಣಿನ ಬಿಲ್ಲೆಯೊಂದು ಹಾರುತ್ತದೆ. ಅದಕ್ಕೆ ನಾವು ಹಕ್ಕಿ ಅನ್ನುತ್ತೇವೆ. ಹಕ್ಕಿ ಚೂರಾದರೆ ಒಂದು ಅಂಕ, ತಪ್ಪಿದರೆ ಬರೆದುಕೊಳ್ಳುವವನು "ಹೋಯ್ತು" ಎಂದು ಕೂಗುತ್ತಾನೆ. ಸಾಲಾಗಿ ಐದು ಜನ, ಒಬ್ಬೊಬ್ಬರಿಗೆ ಇಪ್ಪತ್ತೈದು ಹಕ್ಕಿ. ಅಷ್ಟೇ ಆಟ. ಇದಕ್ಕಾಗಿ ಹೆಂಡತಿಯ ಹುಟ್ಟುಹಬ್ಬ ಮರೆತ ಗಂಡಸರು ನಮ್ಮೂರಲ್ಲಿದ್ದಾರೆ.

ಗುರುವಾರದ ಲೀಗಿನ ನಮ್ಮ ತಂಡದಲ್ಲೂ ಐದು ಜನ. ನಾಯಕ ಡ್ಯಾರೆಲ್ ಸ್ಟೂರ್, ಧಾನ್ಯದ ಗೋದಾಮು ನೋಡಿಕೊಳ್ಳುವವನು, ಐವತ್ನಾಲ್ಕು ವರ್ಷ, ಆಳು ಎತ್ತಿನಂಥವನು. ಅವನ ಹೆಗಲಿಗೆ ಟ್ರ್ಯಾಕ್ಟರ್ ಗುದ್ದಿದರೆ ಟ್ರ್ಯಾಕ್ಟರಿಗೇ ನೋವು. ಆಮೇಲೆ ಕ್ಷೌರಿಕ ವರ್ಜಿಲ್ ಹೊಟೊವಿ, ಹಂದಿ ಸಾಕುವ ಲೂಮಿರ್ ಸೆಡ್ಲಾಚೆಕ್, ವೆಂಡೆಲ್ ಎಂಬ ನಾನು. ಮೂವರೂ ಅರವತ್ತೈದು ದಾಟಿದವರು. ಐದನೆಯ ಜಾಗ ಇಪ್ಪತ್ತೆರಡು ವರ್ಷದಿಂದ ಆರ್ಡಿತ್‌ಳದು.

ಮೂರು ವರ್ಷದ ಹಿಂದೆ ಆಕೆ ಕಿಟಕಿಯ ಚಳಿಗಾಲದ ಗಾಜು ಇಳಿಸಲು ಏಣಿ ಹತ್ತಿದಳು. ರೂಡಿ ಏಣಿ ಹಿಡಿದುಕೊಂಡಿದ್ದನಂತೆ. ಅಷ್ಟರಲ್ಲಿ ರೇಡಿಯೋದ ಬೇಸ್‌ಬಾಲಿನಲ್ಲಿ ಯಾರೋ ಹೋಮ್ ರನ್ ಹೊಡೆದ, ರೂಡಿಯ ಎರಡೂ ಕೈ ಏಣಿ ಬಿಟ್ಟು ಮೇಲೆ ಹೋದವು. ಆರ್ಡಿತ್ ಬಲ ಹೆಗಲ ಮೇಲೆ ಬಿದ್ದಳು. ಲಿಂಕನ್ ಪಟ್ಟಣದ ಆಸ್ಪತ್ರೆಯಲ್ಲಿ ಆಪರೇಷನ್ ಆಯಿತು, ಹೊಡೆದಾಗಲೆಲ್ಲ ಹೆಗಲಿಗೆ ಒದೆಯುತ್ತದೆ, ಇನ್ನು ಬಂದೂಕು ಬೇಡ ಎಂದರು ಡಾಕ್ಟರು.

"ಎಷ್ಟು ಒದ್ದರೆ ಒದೆತ ಅಂತ ಲೆಕ್ಕ, ಡಾಕ್ಟ್ರೇ?" ಎಂದು ಕೇಳಿದಳಂತೆ ಆರ್ಡಿತ್.

ತಮಾಷೆ ಇರಬೇಕು ಅಂದುಕೊಂಡ ಡಾಕ್ಟರು ನಕ್ಕು, "ಬೆಕ್ಕು ಹಾರಿ ಹೆಗಲ ಮೇಲೆ ಕೂತಷ್ಟಾದರೆ ಪರವಾಗಿಲ್ಲ, ಅದಕ್ಕಿಂತ ಜಾಸ್ತಿ ಬೇಡ" ಎಂದರಂತೆ.

"ಅಷ್ಟೇ ತಾನೆ" ಎಂದು ಆಕೆ ಮನೆಗೆ ಬಂದಳು.

ಬಂದೂಕು ಒದೆಯುವುದು ತೋಟಾದೊಳಗೆ ತುಂಬಿದ ಭಾರಕ್ಕೆ ತಕ್ಕಂತೆ. ನಾವೆಲ್ಲ ಒಂದು ಔನ್ಸಿಗಿಂತ ಚಿಲ್ಲರೆ ಹೆಚ್ಚು ಚರೆ, ಅಂದರೆ ಸೀಸದ ಕಾಳು, ತುಂಬಿದ ತೋಟಾ ಹೊಡೆಯುವವರು. ಆರ್ಡಿತ್ ಮುಕ್ಕಾಲು ಔನ್ಸಿಗೆ ಇಳಿಯುತ್ತೇನೆ ಎಂದು ಹೊರಟಳು. ಆ ಚಳಿಗಾಲವಿಡೀ ಕಾರು ಹೊರಗೆ ಹಿಮದಲ್ಲಿ, ಆಕೆ ಒಳಗೆ ಗ್ಯಾರೇಜಿನಲ್ಲಿ. ಬೆಂಚಿಗೆ ತಿರುಪು ಹಾಕಿ ಕೂರಿಸಿದ ಯಂತ್ರ, ಅದಕ್ಕೊಂದು ಉದ್ದ ಹಿಡಿಕೆ. ಹೊಡೆದ ತೋಟಾದ ಖಾಲಿ ಕೊಳವೆಯನ್ನು ಅದರಡಿ ಇಟ್ಟು ಒಂದು ಸಲ ಎಳೆದರೆ ಕಿಡಿ ಹೊತ್ತಿಸುವ ಹಳೇ ಕೇಪು ಉದುರುತ್ತದೆ, ಇನ್ನೊಂದು ಸಲಕ್ಕೆ ಹೊಸ ಕೇಪು ಕೂರುತ್ತದೆ. ಆಮೇಲೆ ಮದ್ದು, ಮದ್ದಿನ ಮೇಲೆ ಪ್ಲಾಸ್ಟಿಕ್ಕಿನ ಸಣ್ಣ ಬಟ್ಟಲು, ಬಟ್ಟಲಿಗೆ ಚರೆ, ಕೊನೆಗೆ ಬಾಯಿ ಮಡಿಸುವುದು.

ಚರೆ ಕಡಿಮೆ ಮಾಡಿದರಾಯಿತು ಎಂದರೆ ಆಗುವುದಿಲ್ಲ. ಒಳಗೆ ಜಾಗ ಖಾಲಿ ಉಳಿದು ಮಡಿಸಿದ ಬಾಯಿ ಗುಳಿ ಬೀಳುತ್ತದೆ. ಗುಳಿ ಬಿದ್ದದ್ದು ಸರಿಯಾಗಿ ಹೊತ್ತುವುದಿಲ್ಲ. ಆಕೆಯ ಮೊದಲ ತೋಟಾ ನನ್ನೆದುರಿಗೇ ಕೆಮ್ಮಿತು. ಢಂ ಅನ್ನಬೇಕಾದದ್ದು "ಕ್ಹು" ಅಂದು, ಅರೆಬೆಂದ ಮದ್ದು ಆಕೆಯ ಬೂಟಿನ ಮೇಲೆ ಉದುರಿತು. ಆಕೆ ಬಂದೂಕು ಬಿಚ್ಚಿ, ನಳಿಕೆಯಲ್ಲಿ ಏನಾದರೂ ಸಿಕ್ಕಿಕೊಂಡಿದೆಯೇ ಎಂದು ಬೆಳಕಿಗೆ ಹಿಡಿದು ನೋಡಿ, ಮನೆಗೆ ಹೋದಳು. ಲೂಮಿರ್‌ಗೆ ಅಷ್ಟೇ ಸಾಕಾಯಿತು. ಆರ್ಡಿತ್ ಕೆಮ್ಮಿನ ಮದ್ದು ತಯಾರು ಮಾಡುತ್ತಿದ್ದಾಳೆ ಎಂದು ಊರೆಲ್ಲ ಸಾರಿದ.

ನಾನೊಮ್ಮೆ, ಮದ್ದು ಒಂದು ಚಿಟಿಕೆ ಹೆಚ್ಚು ಹಾಕಿಬಿಡು ಎಂದೆ. ಆಕೆ ನನ್ನನ್ನು ಶಾಲೆಯಲ್ಲಿ ತಟ್ಟೆ ಬೀಳಿಸಿದವನನ್ನು ನೋಡಿದಂತೆ ನೋಡಿದಳು. "ಪುಸ್ತಕದಲ್ಲಿ ಬರೆದಿರೋ ಅಳತೆ ಬಿಟ್ಟು ನಾನು ಸಾರಿಗೆ ಉಪ್ಪೂ ಹಾಕ್ದೋಳಲ್ಲ, ವೆಂಡೆಲ್. ಇದಕ್ಕೆ ಹಾಕ್ತೀನಾ?" ಎಂದಳು. ಪುಸ್ತಕ ಹುಡುಕಿ, ಹಗುರ ತೋಟಾಕ್ಕೇ ಹೇಳಿದ ಮದ್ದು, ಎತ್ತರದ ಬಟ್ಟಲು ತರಿಸಿದಳು. ಮಾರ್ಚ್ ಹೊತ್ತಿಗೆ ಆಕೆಯ ಬೂದು ಬಣ್ಣದ ತೋಟಾಗಳ ಬಾಯಿ ಹಣ್ಣು ತುಂಬಿ ಮಡಿಸುವ ಸಿಹಿ ಕೊಲಾಚೆ ರೊಟ್ಟಿಯ ಮಡಿಕೆಯಷ್ಟು ಅಚ್ಚುಕಟ್ಟಾಗಿತ್ತು. ಏಪ್ರಿಲ್ ಮೊದಲ ಗುರುವಾರ ಇಪ್ಪತ್ತೈದರಲ್ಲಿ ಇಪ್ಪತ್ಮೂರು ಹಕ್ಕಿ ಹೊಡೆದಳು. ಹೆಗಲು ಹೇಗಿದೆ ಎಂದರೆ, "ಬೆಕ್ಕು" ಎಂದಳು.

ಇನ್ನು ನನ್ನ ವಿಷಯ. ಟಪಾಲಿನ ಚೀಲ ಹೊತ್ತ ಹೆಗಲು ನನ್ನದು. ಗುರುವಾರ ಹೊಡೆದರೆ ಭಾನುವಾರದವರೆಗೂ ಅಂಗಿ ತೊಡಲು ಆಗುತ್ತಿರಲಿಲ್ಲ. ಆದರೆ ಬಾಯಿ ಬಿಟ್ಟು ಹೇಳುವುದುಂಟೇ? ಹಗುರ ತೋಟಾ ಎಂದರೆ ಹೆಂಗಸರು ಮಕ್ಕಳಿಗೆ ಎಂದು ನಾವೇ ನಕ್ಕವರು. ಒಂದು ಮಂಗಳವಾರ ಮಧ್ಯಾಹ್ನ ಆಕೆಯ ಗ್ಯಾರೇಜಿಗೆ ಹಿಂಬದಿಯಿಂದ ಹೋಗಿ, "ಒಂದು ನಾಲ್ಕು ಡಬ್ಬಿ ಮುಕ್ಕಾಲಿಂದು ಬೇಕಿತ್ತು, ನಂಗಲ್ಲ, ಮೊಮ್ಮಗಳಿಗೆ" ಎಂದೆ.

"ನಿಂಗೆ ಮೊಮ್ಮಗಳಿದಾಳಾ?"

"ಕೊಲರಾಡೋದಲ್ಲಿ."

"ಹೆಸರೇನು?"

ಹೆಸರು ಯೋಚಿಸಿಕೊಂಡೇ ಹೋಗಿರಲಿಲ್ಲ ನೋಡಿ. "ಟ್ರೀನಾ" ಎಂದೆ. ಯಾಕೆ ಟ್ರೀನಾ ಎಂದು ಇವತ್ತಿಗೂ ಗೊತ್ತಿಲ್ಲ.

ಯಾರ ತೋಟಾದೊಳಗೆ ಏನಿದೆ ಎಂದು ತಾನು ಯಾರಿಗೂ ಹೇಳುವುದಿಲ್ಲ ಎಂದಳು ಆಕೆ. ನಾನು ಕೇಳದಿದ್ದರೂ ನನ್ನ ಮಾಮೂಲಿ ಕೆಂಪು ಕೊಳವೆಯಲ್ಲೇ ತುಂಬಿಕೊಟ್ಟಳು. ಹೊರಗಿನಿಂದ ನೋಡಿದವರಿಗೆ ಹಳೇ ತೋಟಾನೇ. ಆದರೆ ಎರಡು ವರ್ಷ ನನ್ನನ್ನು ಟ್ರೀನಾ ವಿಷಯದಲ್ಲಿ ಹುರಿದು ಮುಕ್ಕಿದಳು. ಟ್ರೀನಾ ಎಷ್ಟು ಹೊಡೆದಳು? ಟ್ರೀನಾ ಹಲ್ಲಿಗೆ ತಂತಿ ಹಾಕಿಸಿದ್ದಾಯಿತಾ? ಒಂದು ಸಲ ಟ್ರೀನಾಳ ಹುಟ್ಟುಹಬ್ಬಕ್ಕೆ ಒಂದು ಡಜನ್ ಪ್ಲಮ್ ಕೊಲಾಚೆ ಕಟ್ಟಿಕೊಟ್ಟಳು. ಎಷ್ಟೋ ದಿನ ನನಗೇ ಆ ಹುಡುಗಿ ನೆನಪಾಗುತ್ತಿದ್ದಳು.

ನನಗೆ ಗೊತ್ತಿರಲಿಲ್ಲ, ವರ್ಜಿಲ್ ನನಗಿಂತ ಮೊದಲೇ ತನ್ನ ಹೆಂಡತಿ ಲವೋನ್ ಹೆಸರಲ್ಲಿ ತೋಟಾ ಒಯ್ಯುತ್ತಿದ್ದ. ಕೆಮ್ಮಿನ ಮದ್ದು ಎಂದು ಹೆಸರಿಟ್ಟ ಆ ಲೂಮಿರ್, ಕೊಟ್ಟಿಗೆಯ ಪಾರಿವಾಳ ಓಡಿಸಲು ಎಂದು ಹೇಳಿ ಬುಟ್ಟಿಗಟ್ಟಲೆ ಒಯ್ಯುತ್ತಿದ್ದ. ಒಬ್ಬರದು ಒಬ್ಬರಿಗೆ ಗೊತ್ತಿಲ್ಲ. ಸದ್ದು ಕೇಳಿದರೆ ತಿಳಿಯಬೇಕಲ್ಲ ಎನ್ನುತ್ತೀರಿ. ಕಿವಿಗೆ ಮುಚ್ಚಳ, ಮುಚ್ಚಳದೊಳಗೆ ಅರ್ಧ ಕಿವುಡು, ನಮಗೇನು ತಿಳಿಯುತ್ತದೆ. ಹೀಗೆ ಐವರಲ್ಲಿ ನಾಲ್ವರು ಒಂದೇ ಯಂತ್ರದ ಮುಕ್ಕಾಲು ಔನ್ಸ್ ಹೊಡೆಯುತ್ತಿದ್ದೆವು. ಕಣ್ಣಿಗೆ ಬೀಳುತ್ತಿದ್ದದ್ದು ಆರ್ಡಿತ್‌ಳ ಬೂದು ತೋಟಾ ಮಾತ್ರ.

ಹೋದ ವರ್ಷ ಲೀಗಿನ ಕೊನೆಯ ದಿನ ನಾವು ಎರಡು ಅಂಕಕ್ಕೆ ಸೋತೆವು. ಆ ದಿನ ಆರ್ಡಿತ್ ಎರಡು ಹಕ್ಕಿ ಬಿಟ್ಟಿದ್ದಳು. ನಾನು ನಾಲ್ಕು ಬಿಟ್ಟಿದ್ದೆ, ಆದರೆ ನನ್ನ ತೋಟಾ ಕೆಂಪು. ಡ್ಯಾರೆಲ್ ಚಳಿಗಾಲವೆಲ್ಲ ಆ ಎರಡನ್ನೇ ತಲೆಯಲ್ಲಿ ಕೊರೆದುಕೊಂಡ. ಈ ವರ್ಷ ಜೂನಿನ ಒಂದು ಗುರುವಾರ, ಆಟ ಶುರುವಾಗುವ ಮುಂಚೆ, ನಮ್ಮ ಐವರನ್ನೂ ತಗಡಿನ ಕೊಠಡಿಗೆ ಕರೆದು ಒಂದು ಕಾಗದ ತೆಗೆದ.

"ಮಿಸೆಸ್ ಕುಬಿಚೆಕ್, ನಿಮ್ಮ ಮೇಲೆ ನಂಗೇನೂ ಇಲ್ಲ" ಎಂದ. ಈ ವಯಸ್ಸಲ್ಲೂ ಅವನು ಆಕೆಯನ್ನು ಹೆಸರು ಹಿಡಿದು ಕರೆಯುವುದಿಲ್ಲ. "ಆದರೆ ಅಷ್ಟು ಚರೇಲಿ ಹಕ್ಕಿ ಬೀಳಲ್ಲ ಅನ್ನೋದು ನನ್ನ ನಂಬಿಕೆ. ಲೀಗಲ್ಲಿ ನಮ್ಮ ತಂಡದೋರು ಒಂದು ಔನ್ಸಿಗಿಂತ ಕಮ್ಮಿ ಹೊಡೀಬಾರದು ಅಂತ ಬರ್ಕೊಂಡು ಬಂದಿದೀನಿ. ನಿಮ್ಮ ಮುಂದೇನೇ ಕೇಳ್ತಿದೀನಿ, ಹಿಂದೆ ಅಲ್ಲ."

ಒಂದು ಔನ್ಸ್ ಆ ಹೆಗಲಿಗೆ ಆಗುವುದಿಲ್ಲ. ಈ ಕಾಗದ ಒಪ್ಪಿದರೆ ಆರ್ಡಿತ್ ತಂಡದಿಂದ ಹೊರಗೆ. ಅದು ಅಲ್ಲಿದ್ದ ಎಲ್ಲರಿಗೂ ಗೊತ್ತಿತ್ತು.

"ನೀವೇನಾದ್ರೂ ಹೇಳ್ತೀರಾ?" ಎಂದು ಡ್ಯಾರೆಲ್ ಕೇಳಿದ.

"ನಂಗೆ ಹೇಳೋಕೆ ಏನಿಲ್ಲ" ಎಂದಳು ಆರ್ಡಿತ್. ಹೇಳಬಹುದಿತ್ತು. ನಮ್ಮ ಮೂವರ ಸೊಂಟದ ಚೀಲಕ್ಕೆ ಕೈ ತೋರಿಸಿದ್ದರೆ ಸಾಕಿತ್ತು. ನಮ್ಮ ಕಡೆ ತಿರುಗಿಯೂ ನೋಡಲಿಲ್ಲ.

ಒಪ್ಪುವವರು ಕೈ ಎತ್ತಿ ಎಂದ ಡ್ಯಾರೆಲ್, ತಾನು ಎತ್ತಿದ. ವರ್ಜಿಲ್ ಚಾವಣಿ ನೋಡುತ್ತ ಎತ್ತಿದ. ಲೂಮಿರ್ ಮೂಗು ಒರೆಸಿಕೊಂಡು ಅದೇ ಕೈ ಎತ್ತಿದ. ನಾನೊಬ್ಬ ಎತ್ತದಿದ್ದರೆ ಯಾಕೆ ಎಂದು ಕೇಳುತ್ತಾರಲ್ಲ ಎಂದು ನಾನೂ ಎತ್ತಿದೆ. ಅಷ್ಟು ನಾಚಿಕೆಗೆಟ್ಟ ಕೆಲಸ ನಾನು ಜೀವಮಾನದಲ್ಲಿ ಮಾಡಿಲ್ಲ. ಆರ್ಡಿತ್ ಎದ್ದು, "ಸರಿ, ಚೆನ್ನಾಗಿ ಹೊಡೀರಿ" ಎಂದು ಚೀಲದ ಬೂದು ತೋಟಾಗಳನ್ನು ಒಂದೊಂದಾಗಿ ಡಬ್ಬಿಗೆ ಹಾಕಿಕೊಂಡು ಹೊರಗೆ ಹೋದಳು.

ನಾಲ್ವರು ಹೋಗಿ ಸಾಲಿಗೆ ನಿಂತೆವು. ಎದುರು ತಂಡದವನೊಬ್ಬ ನಮ್ಮ ಹಿಂದೆ ಎತ್ತರದ ಸ್ಟೂಲಿನ ಮೇಲೆ ಅಂಕ ಬರೆಯಲು ಕೂತಿದ್ದ. ಡ್ಯಾರೆಲ್ ಮೊದಲನೆಯವನು, ಅವನ ಹಕ್ಕಿ ಚೂರಾಯಿತು. ವರ್ಜಿಲ್ ಹೊಡೆದ. "ಹೋಯ್ತು." ಲೂಮಿರ್ ಆ ಜಾಗದಿಂದ ಈ ವರ್ಷ ಒಂದೂ ತಪ್ಪಿರಲಿಲ್ಲ. "ಹೋಯ್ತು." ಆಮೇಲೆ ನನ್ನ ಸರದಿ. ಕೆಂಪು ತೋಟಾ ಹಾಕಿದೆ, ಬಂದೂಕು ಹೆಗಲಿಗೇರಿಸಿದೆ. ಬಾಯಿಂದ "ಪುಲ್" ಎಂಬ ಆ ಒಂದು ಮಾತು ಹೊರಡಲಿಲ್ಲ. ಪಕ್ಕದ ಐದನೆಯ ಜಾಗ ಖಾಲಿ. ನಾನೇ ಕೈ ಎತ್ತಿ ಮಾಡಿದ ನಿಯಮದ ಪ್ರಕಾರ ನನ್ನ ನಳಿಕೆಯಲ್ಲಿರುವುದು ಮೋಸದ ತೋಟಾ.

ಸ್ಟೂಲಿನ ಮೇಲಿದ್ದವನು ಸ್ವಲ್ಪ ಹೊತ್ತು ಕಾದ. "ಏನಯ್ಯಾ, ಮರೆತುಹೋಯ್ತಾ? ಪುಲ್ ಅನ್ನಬೇಕು" ಎಂದ.

ನಾನು ಬಂದೂಕು ಬಿಚ್ಚಿ, ತೋಟಾ ತೆಗೆದು, ಡ್ಯಾರೆಲ್ ಹತ್ತಿರ ಹೋದೆ. "ಡ್ಯಾರೆಲ್, ನಂಗೆ ಮೊಮ್ಮಗಳಿಲ್ಲ."

ಅವನು ಕಿವಿಯ ಮುಚ್ಚಳ ಎತ್ತಿದ. "ಏನು?"

"ಮೊಮ್ಮಗಳು. ಟ್ರೀನಾ. ಇಲ್ಲ."

"ಅಯ್ಯೋ, ಯಾವಾಗ ಹೋದಳು?"

"ಹೋಗೋಕೆ ಹುಟ್ಟೇ ಇಲ್ಲ ಕಣಯ್ಯಾ."

ಪಕ್ಕದಿಂದ ಲೂಮಿರ್ ಗಂಟಲು ಸರಿಮಾಡಿಕೊಂಡ. "ನಮ್ಮ ಕೊಟ್ಟಿಗೇಲಿ ಪಾರಿವಾಳಾನೂ ಇಲ್ಲ" ಎಂದ. ನಾನು ಅವನ ಮುಖ ನೋಡಿದೆ. ವರ್ಜಿಲ್ ನಮ್ಮಿಬ್ಬರ ಮುಖ ನೋಡಿ, "ನಮ್ಮ ಲವೋನ್ ಪಟಾಕಿ ಸದ್ದಿಗೇ ಮಂಚದಡಿ ಸೇರ್ಕೋತಾಳೆ, ಅವಳಿಗೆಲ್ಲಿ ಬಂದೂಕು" ಎಂದ.

"ನಿಮ್ಮೂರು ಜನಕ್ಕೂ ಬಿಸಿಲು ಬಡೀತಾ?" ಎಂದು ಡ್ಯಾರೆಲ್ ಗಾಬರಿಯಾದ.

ನಾನು ಜೇಬಿನ ಚಾಕುವಿನಲ್ಲಿ ತೋಟಾದ ಬಾಯಿ ಸೀಳಿ ಚರೆಯನ್ನು ಅವನ ಅಂಗೈಗೆ ಸುರಿದೆ. ಗೋದಾಮಿನವನ ಕೈ ಅದು, ಒಂದು ಹಿಡಿ ಜೋಳ ಎತ್ತಿ ತೂಕ ಹೇಳುವ ಕೈ. ಒಂದೆರಡು ಸಲ ಮೇಲೆ ಕೆಳಗೆ ಆಡಿಸಿದ. "ಇದು ಔನ್ಸಿಲ್ಲ" ಎಂದ.

"ಮುಕ್ಕಾಲು."

"ಮೂರೂ ಜನದ್ದೂ? ಯಾವಾಗಿಂದ?"

"ಎರಡು ವರ್ಷ ಆಯ್ತು" ಎಂದ ವರ್ಜಿಲ್.

"ಮೇ ತಿಂಗಳಲ್ಲಿ ನೀನು ಇಪ್ಪತ್ತೈದಕ್ಕೆ ಇಪ್ಪತ್ತೈದು ಹೊಡೆದೆಯಲ್ಲ, ನಾನು ಕೈ ಕುಲುಕಿದ್ನಲ್ಲ?"

"ಅದೂ ಮುಕ್ಕಾಲೇ."

ಡ್ಯಾರೆಲ್ ಬೈಯುತ್ತಾನೆ ಎಂದುಕೊಂಡೆ. ಬೈದಿದ್ದರೆ ಹಗುರವಾಗುತ್ತಿತ್ತು. ಅವನು ಚರೆಯನ್ನು ಜೇಬಿಗೆ ಹಾಕಿಕೊಂಡು, ಕಾರು ನಿಲ್ಲಿಸುವ ಕಡೆ ದಾಪುಗಾಲು ಹಾಕಿದ. ನಾವು ಮೂವರು ಅವನ ಹಿಂದೆ.

ಆರ್ಡಿತ್ ಇನ್ನೂ ಹೋಗಿರಲಿಲ್ಲ. ಬಂದೂಕಿನ ಪೆಟ್ಟಿಗೆಯನ್ನು ಒಂದೇ ಕೈಯಲ್ಲಿ ಕಾರಿನ ಹಿಂಬದಿಗೆ ಎತ್ತಿಡಲು ಒದ್ದಾಡುತ್ತಿದ್ದಳು. ಡ್ಯಾರೆಲ್ ಪೆಟ್ಟಿಗೆಯನ್ನು ಆಕೆಯ ಕೈಯಿಂದ ತೆಗೆದುಕೊಂಡ. "ಮಿಸೆಸ್ ಕುಬಿಚೆಕ್, ನಂಗೆ ಗೊತ್ತಿರಲಿಲ್ಲ. ಆ ಕಾಗದ ಹರಿದುಹಾಕ್ತೀನಿ. ನಿಮ್ಮ ಜಾಗ ಹಾಗೇ ಇದೆ, ಬನ್ನಿ."

"ನಿನ್ನ ಮೇಲೆ ನಂಗೆ ಬೇಜಾರಿಲ್ಲ, ಡ್ಯಾರೆಲ್" ಎಂದಳು. "ನೀನು ನಂಬಿದ್ದನ್ನ ನನ್ನ ಮುಖಕ್ಕೇ ಹೇಳಿದೆ." ಆಮೇಲೆ ನಮ್ಮ ಕಡೆ ತಿರುಗಿದಳು. "ನೀವು ಮೂರು ಜನ ನಾನು ತುಂಬಿದ ತೋಟಾನ ಸೊಂಟಕ್ಕೆ ಕಟ್ಕೊಂಡು ಕೈ ಎತ್ತಿದ್ರಿ. ಏಣಿಯಿಂದ ಬಿದ್ದಾಗ್ಲೂ ನಂಗೆ ಇಷ್ಟು ನೋವಾಗಿರಲಿಲ್ಲ."

ಲೂಮಿರ್ ಟೋಪಿ ತೆಗೆದ. ನಾನು, "ತಪ್ಪಾಯ್ತು ಆರ್ಡಿತ್" ಎಂದೆ. ನನ್ನ ದನಿ ನನಗೇ ಸಣ್ಣದಾಗಿ ಕೇಳಿಸಿತು.

"ಟ್ರೀನಾಗೆ ಅಂತ ಕೊಟ್ಟ ಕೊಲಾಚೆ ಯಾರು ತಿಂದ್ರು?" ಎಂದು ಆಕೆ ನನ್ನನ್ನು ಕೇಳಿದಳು.

"ನಾನೇ."

"ಹನ್ನೆರಡೂ?"

"ಹನ್ನೆರಡೂ."

"ಹೊಟ್ಟೆಬಾಕ" ಎಂದು ಬೈದು, ಬೂದು ತೋಟಾದ ಡಬ್ಬಿ ಎತ್ತಿಕೊಂಡು ಸಾಲಿನ ಕಡೆ ನಡೆದಳು.

ಎದುರು ತಂಡದವರು ಸಭ್ಯರು. ನಾಲ್ವರಿದ್ದದ್ದು ಐವರಾದಿರಾ, ಆಗಲಿ, ಆದರೆ ಹೋದ ಎರಡು ಹಕ್ಕಿ ಹೋದವೇ ಎಂದರು. ನಾನು "ಪುಲ್" ಎಂದೆ. ಎಷ್ಟು ಜೋರಾಗಿ ಎಂದರೆ ಸ್ಟೂಲಿನವನು ಬೆಚ್ಚಿಬಿದ್ದ. ನನ್ನ ಹಕ್ಕಿ ಪುಡಿಯಾಯಿತು. ಆಮೇಲೆ ಆರ್ಡಿತ್ ಬಂದೂಕು ಏರಿಸಿ, ಮೆಲ್ಲಗೆ "ಪುಲ್" ಎಂದಳು. ಹಕ್ಕಿ ಹಾರಿತು, ತೋಟಾ ಸಿಡಿಯಿತು, ಹಕ್ಕಿ ಏನೂ ಆಗದ ಹಾಗೆ ಜೋಳದ ಹೊಲದ ಮೇಲೆ ಹೋಗಿ ಇಳಿಯಿತು.

"ಹೋಯ್ತು" ಎಂದ ಸ್ಟೂಲಿನವನು.

ನಾವ್ಯಾರೂ ಕತ್ತು ತಿರುಗಿಸಲಿಲ್ಲ. ಆರ್ಡಿತ್ ಕನ್ನಡಕ ತೆಗೆದು ಅಂಗಿಯ ತುದಿಯಲ್ಲಿ ಒರೆಸಿಕೊಂಡಳು. "ತೋಟಾದ ತಪ್ಪಲ್ಲ ಅದು. ಕಣ್ಣು ಒದ್ದೆಯಾಗಿತ್ತು" ಎಂದಳು, ಎಲ್ಲರಿಗೂ ಕೇಳುವ ಹಾಗೆ. ಆಮೇಲೆ ಒಂದನ್ನೂ ಬಿಡಲಿಲ್ಲ.

ಆ ದಿನ ನಾವು ಒಂದೇ ಒಂದು ಅಂಕಕ್ಕೆ ಸೋತೆವು. ಕೊಠಡಿಯಲ್ಲಿ ಬಿಯರ್ ಮುಚ್ಚಳ ತೆಗೆಯುವ ಮುಂಚೆಯೇ ಜಗಳ ಶುರುವಾಯಿತು. ಸೋಲಿಸಿದ ಆ ಒಂದು ತಪ್ಪು ತನ್ನದು, ಮೊದಲ ಹಕ್ಕಿಯನ್ನೇ ಬಿಟ್ಟವನು ತಾನು ಎಂದ ವರ್ಜಿಲ್. ತನ್ನದೇ ಎಂದು ಲೂಮಿರ್ ಮೇಜು ಗುದ್ದಿದ. ಕೊನೇ ಸುತ್ತಿನಲ್ಲಿ ನಾನೂ ಎರಡು ಬಿಟ್ಟಿದ್ದೆ, ನಾನು ಸುಮ್ಮನಿರುತ್ತೇನೆಯೇ?

"ಯಾಕ್ರಯ್ಯಾ ಬಡಿದಾಡ್ತೀರಾ, ಅದು ನಂದೇ. ಎಲ್ಲಾರೂ ನೋಡಿದೀರ" ಎಂದಳು ಆರ್ಡಿತ್.

"ಇಲ್ಲ ಮಿಸೆಸ್ ಕುಬಿಚೆಕ್, ಅದು ನಂದು" ಎಂದ ಡ್ಯಾರೆಲ್. ಅವನು ತನ್ನ ಭಾರದ ತೋಟಾಗಳಲ್ಲಿ ಮೂರು ಬಿಟ್ಟಿದ್ದ. "ಇವತ್ತು ಐದನೇ ಜಾಗ ಖಾಲಿ ಮಾಡ್ಸಿದ್ದು ನಾನು. ನಂದು ಅಂದ್ರೆ ನಂದು."

ಆರ್ಡಿತ್ ಅವನನ್ನೇ ನೋಡಿದಳು. "ಶಾಲೇಲಿ ಏನು ಒಡೆದುಹೋದ್ರೂ ನಂದಲ್ಲ ನಂದಲ್ಲ ಅಂತಿದ್ದ ಹುಡುಗ ನೀನು" ಎಂದಳು.

ಡ್ಯಾರೆಲ್ ಕಿವಿಯವರೆಗೂ ಕೆಂಪಾದ. ಅಂಕದ ಹಾಳೆಯನ್ನು ಎಳೆದುಕೊಂಡು, ಆರ್ಡಿತ್‌ಳ ಹೆಸರಿನ ಮುಂದಿದ್ದ ಆ ಒಂದು ತಪ್ಪಿನ ಪಕ್ಕದಲ್ಲಿ ಪೆನ್ಸಿಲಿನಿಂದ ತನ್ನ ಹೆಸರು ಬರೆದ.